ನಮ್ಮೂರ ರಸ್ತೆಯ ಮರ ಎಣಿಸಿದ ಕಥೆ

ಮರಗಳ ತೊಗಟೆ ಕೆತ್ತಿ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ ಎಂದು ಮೊದಲು ಹೇಳಿದವಳು ಡೈರಿಗೆ ಹಾಲು ಹಾಕಿ ಬಂದ ನನ್ನ ಹೆಂಡತಿ. ಮೂಡಿಗೆರೆ ಕಡೆಯ ನಮ್ಮೂರ ರಸ್ತೆ ಹೆಚ್ಚೆಂದರೆ ನಾಲ್ಕು ಕಿಲೋಮೀಟರ್. ಎರಡೂ ಬದಿಯಲ್ಲಿ ಬಸರಿ, ಗೋಣಿ, ಹಲಸು, ನೇರಳೆ. ಎರಡನೇ ತಿರುವಿನಲ್ಲಿ, ಹಿಂದಿನವರು ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಹೊರೆಗಲ್ಲು. ಹೂಮಳೆ ಬಿದ್ದು ಕಾಫಿ ಅರಳಿತೆಂದರೆ ಇಲ್ಲಿ ಎಂಥವರೂ ಬೈಕಿನ ವೇಗ ಇಳಿಸುತ್ತಾರೆ.

ರಸ್ತೆ ಅಗಲ ಮಾಡಲು ಕಡಿಯುವ ಮರಗಳ ಗುರುತು ಅದು. ಸಂಜೆ ಏಳು ಜನ ಸೇರಿದೆವು. ಅಮೆರಿಕದಲ್ಲಿ ಸುಂದರ ರಸ್ತೆಗಳನ್ನು ಗುರುತಿಸುವ ರಾಷ್ಟ್ರೀಯ ಯೋಜನೆ 1991ರಲ್ಲೇ ಬಂದಿದೆ ಎಂದು ಓದಿದ್ದ ನಾನು, ಪಾರಂಪರಿಕ ರಸ್ತೆ ಎಂದು ಘೋಷಿಸಲು ಮನವಿ ಕೊಡೋಣ ಎಂದೆ. ಮಂಜು, ಹಕ್ಕಿ, ಹಸಿರು ಎಲ್ಲವೂ ಇದ್ದ ಎರಡು ಪುಟ ಓದಿ ಮುಗಿಸಿದ ಅಧಿಕಾರಿ ಸೌಮ್ಯವಾಗಿಯೇ ಕೇಳಿದರು: "ಯಾವ ಕಾಯ್ದೆಯಡಿ ಘೋಷಿಸಲಿ ಹೇಳಿ?" ನನಗೆ ಬಾಯಿ ಬರಲಿಲ್ಲ. ಕಡತದಲ್ಲಿ 'ಚೆಂದ' ಎಂಬ ಕಾಲಂ ಇರುವುದಿಲ್ಲ.

ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿದೆವು. ನಮ್ಮ ರಾಜ್ಯದ ನಿಯಮದಂತೆ ಅದು 150 ಪದ ಮೀರಬಾರದು. ನನ್ನಂಥ ವಾಚಾಳಿಗೆ ಒಳ್ಳೆಯ ಶಿಕ್ಷೆ. ಬಂದದ್ದು ಒಂದೇ ರಸ್ತೆಗೆ, ಕಡಿಯುವ ಮರಗಳ ಎರಡು ಪಟ್ಟಿ: 46 ಮರ, 41 ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವ ಮುನ್ನ ಜನರಿಂದ ಆಕ್ಷೇಪಣೆ ಕರೆಯಬೇಕು. ಪಟ್ಟಿ ಎರಡಾದದ್ದೇಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಾವೇ ಎಣಿಸಲು ಹೊರಟೆವು. ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ ಸೀಮೆಸುಣ್ಣದ ಗೆರೆ, ಅಲ್ಲಿ ಸುತ್ತಳತೆ. ದರ್ಜಿಯ ಟೇಪು ಐದಡಿಗೇ ಮುಗಿಯುತ್ತಿದ್ದುದರಿಂದ ಹಗ್ಗ ಸುತ್ತಿ, ಗಂಟು ಹಾಕಿ, ನೆಲದ ಮೇಲೆ ಹಾಸಿ ಅಳೆದೆವು. ಹೊರೆಗಲ್ಲಿನ ಪಕ್ಕದ ಬಸರಿ ಹತ್ತೊಂಬತ್ತು ಅಡಿ ಬಂತು. ನಾಲ್ವರು ತಬ್ಬಿದ ಮೇಲೆ ಕೈ ಕೂಡಿತು. ಸರ್ಕಾರಿ ಪಟ್ಟಿಯ ಮೂರು ಮರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಪಕ್ಕದ ತೋಟದ ಗೌಡರು ಬೇಲಿಯಾಚೆಯಿಂದಲೇ ಕೇಳಿದರು: "ಮಳೆಗಾಲದಲ್ಲಿ ಕೊಂಬೆ ಬಿದ್ದು ವಾರಗಟ್ಟಲೆ ಕರೆಂಟಿಲ್ಲದಿದ್ದರೆ ನೀವು ಬಂದು ಎತ್ತುತ್ತೀರಾ? ಶಾಲೆಯ ಬಸ್ಸು ಎಲ್ಲಿ ತಿರುಗಬೇಕು?" ಅವರ ಮಾತು ನ್ಯಾಯವಾಗಿತ್ತು. ಅವರನ್ನೇ ಕರೆದೊಯ್ದೆವು. ಕತ್ತಿಯ ಬೆನ್ನಿನಿಂದ ಹೊಡೆದರೆ ಗಟ್ಟಿ ಮರ ಟಕ್ ಎನ್ನುತ್ತದೆ, ಟೊಳ್ಳಾದದ್ದು ದೊಬ್ ಎನ್ನುತ್ತದೆ. ಹನ್ನೆರಡು ಮರ ದೊಬ್ ಎಂದವು. ಅವನ್ನು ಕಡಿಯಿರಿ ಎಂದು ನಮ್ಮ ಆಕ್ಷೇಪಣೆಯಲ್ಲೇ ಬರೆದುಕೊಟ್ಟೆವು. ಆಮೇಲೆ ನಮ್ಮ ಮಾತಿಗೆ ಬೆಲೆ ಬಂತು ಎಂದೇ ನನ್ನ ಎಣಿಕೆ.

ಉಳಿದ ಮರ ಉಳಿಸಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯವಾಯಿತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮಲ್ಲಿ ಅದು ಕಾಗದದಲ್ಲಷ್ಟೇ ಇತ್ತು. ಅದನ್ನು ಎಬ್ಬಿಸಿ, ಸಾಲುಮರಗಳನ್ನು ಅಳತೆ ಸಮೇತ ದಾಖಲೆಗೆ ಸೇರಿಸಿದೆವು. ನಮ್ಮ ಜಿಲ್ಲೆಯ ಹೊಗರೇಕಾನ್ ಬೆಟ್ಟ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ನಾಲ್ಕು ಕಿಲೋಮೀಟರ್ ರಸ್ತೆಗೆ ಆ ಪಟ್ಟ ಸಿಗಲಿಕ್ಕಿಲ್ಲ, ಆದರೂ ಕೈಯಲ್ಲೊಂದು ಕಾಗದವಾಯಿತು. ಎಂಜಿನಿಯರ್ ಬಳಿ ಹಸಿರಿನ ಮಾತೆತ್ತಲಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ಅವರಿಗೂ ಗೊತ್ತಿತ್ತು. "ಈ ಬೇರು ಕಿತ್ತರೆ ದರೆ ನಿಮ್ಮ ಡಾಂಬರಿನ ಮೇಲೆ ಕೂರುತ್ತದೆ" ಎಂದಾಗ ಅವರು ಕಿವಿಗೊಟ್ಟರು.

ಕೊನೆಗೆ, ಎದುರಿನ ವಾಹನಕ್ಕೆ ದಾರಿ ಬಿಡಲು ಆರು ಕಡೆ ಮಾತ್ರ ರಸ್ತೆ ಅಗಲವಾಯಿತು. ಟೊಳ್ಳು ಮರಗಳ ಜೊತೆ ಇನ್ನೂ ಒಂಬತ್ತು ಹೋದವು.

ನಾವು ಎಡವಿದ್ದು ಚರಂಡಿಯಲ್ಲಿ. ಮರುವರ್ಷ ಬೇಸಿಗೆಯಲ್ಲಿ ಜೆಸಿಬಿ ಬಂದು ಚರಂಡಿ ತೆಗೆಯುವಾಗ ಹೊರೆಗಲ್ಲಿನ ಪಕ್ಕದ ಆ ಬಸರಿಯ ಒಂದು ಬದಿಯ ಬೇರನ್ನೆಲ್ಲ ಸೀಳಿತು. ಕೊಡಲಿಗೆ ಅನುಮತಿ ಬೇಕು, ಚರಂಡಿಗೆ ಯಾರೂ ಕೇಳುವುದಿಲ್ಲ. ಈಗ ಮರ ಕಣಿವೆಯ ಕಡೆ ತುಸು ವಾಲಿದೆ. ಕೊಂಬೆಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು, ಅದರ ಕೆಳಗೆ ಗೂಟ ಹೊಡೆದಿದ್ದೇವೆ. ಗುಂಡು ಗೂಟದಿಂದ ಎಷ್ಟು ಸರಿಯಿತೆಂದು ಪ್ರತಿ ಭಾನುವಾರ ಹೋಗಿ ನೋಡಿಬರುವವರು ಗೌಡರು.