ಮನೆಯಲ್ಲಿ ಕೋಡ್ ಬರೆಯುವ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಬೇಕು?

ಕೋಡ್ ಬರೆಯಲು ಯಾವ ಲಿನಕ್ಸ್ ಒಳ್ಳೆಯದು ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಡಿಸ್ಟ್ರೋಗಳ, ಅಂದರೆ ಲಿನಕ್ಸ್‌ನ ಬೇರೆ ಬೇರೆ ರೂಪಗಳ, ಹೆಸರು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಗಿಟ್, ಜಿಸಿಸಿ, ಪೈಥಾನ್, ನೋಡ್‌ನಂಥ ಕೋಡಿಂಗ್ ಟೂಲುಗಳು ಎಲ್ಲದರಲ್ಲೂ ಸಿಗುತ್ತವೆ, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಥರ ಓಡುತ್ತವೆ. ಡೆಸ್ಕ್‌ಟಾಪ್ ಚಂದ ಇದೆಯಾ ಅಂತ ನೋಡಿ ಆರಿಸಬೇಡಿ, ಅದನ್ನು ಆಮೇಲೆ ಬದಲಾಯಿಸಿಕೊಳ್ಳಬಹುದು. ಕೇಳಬೇಕಾದ್ದು ಬೇರೆ: ಈ ಸಿಸ್ಟಮ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಅದರ ಹಿಂದೆ ಓಡಲು ನಿಮಗೆ ಪುರಸೊತ್ತು ಇದೆಯಾ?

ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ. ನಡುವೆ ಬರುವುದು ಬಹುಪಾಲು ಸೆಕ್ಯುರಿಟಿ ಅಪ್‌ಡೇಟ್ ಮತ್ತು ದೋಷ ತಿದ್ದುಪಡಿ ಮಾತ್ರ. ಉಬುಂಟುವಿನ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಯೂ ಎರಡು ವರ್ಷಕ್ಕೊಮ್ಮೆಯೇ, ಏಪ್ರಿಲ್‌ನಲ್ಲಿ ಬರುತ್ತದೆ (22.04, 24.04 ಹೀಗೆ), ಐದು ವರ್ಷ ಬೆಂಬಲ ಇರುತ್ತದೆ. ನಡುವಿನ ಆರಾರು ತಿಂಗಳ ಉಬುಂಟುಗಳಿಗೆ ಒಂಬತ್ತೇ ತಿಂಗಳ ಆಯಸ್ಸು, ಅವನ್ನು ಮುಟ್ಟಬೇಡಿ. ಫೆಡೋರಾ ಆರು ತಿಂಗಳಿಗೊಮ್ಮೆ ಬರುತ್ತದೆ, ಒಂದೊಂದು ಆವೃತ್ತಿಗೂ ಹದಿಮೂರು ತಿಂಗಳಷ್ಟು ಬೆಂಬಲ. ಅಂದರೆ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್ ಮಾಡಲೇಬೇಕು. ಆರ್ಚ್‌ನಲ್ಲಿ ಆವೃತ್ತಿ ಅನ್ನುವುದೇ ಇಲ್ಲ, ದಿನವೂ ಹೊಸ ಪ್ಯಾಕೇಜುಗಳು ಬರುತ್ತಲೇ ಇರುತ್ತವೆ. ಎರಡು ತಿಂಗಳು ಕಂಪ್ಯೂಟರ್ ಮುಟ್ಟದೆ ಬಿಟ್ಟು, ಒಂದು ದಿನ ಅರ್ಜೆಂಟ್ ಕೆಲಸ ಇಟ್ಟುಕೊಂಡು ಅಪ್‌ಡೇಟ್ ಕೊಟ್ಟರೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ಕಲಿಯಲು ಆರ್ಚ್ ಸೊಗಸಾಗಿದೆ. ಆದರೆ ಅದನ್ನು ಕಲಿಯುವುದೇ ಒಂದು ಕೆಲಸ.

ಮೊದಲ ಸಲ ಹಾಕುವವರಿಗೆ ನಾನು ಹೇಳುವುದು ಉಬುಂಟು ಎಲ್‌ಟಿಎಸ್ ಅಥವಾ ಅದರ ಮೇಲೆಯೇ ಕಟ್ಟಿದ ಲಿನಕ್ಸ್ ಮಿಂಟ್. ಹೊಸ ಟೂಲ್ ಒಂದರ ಇನ್‌ಸ್ಟಾಲ್ ಪುಟ ತೆರೆದರೆ ಸಾಮಾನ್ಯವಾಗಿ ಮೊದಲು ಕಾಣುವುದೇ ಉಬುಂಟು ಆಜ್ಞೆಗಳು. ಮಿಂಟ್‌ನಲ್ಲಿ ಸಿಸ್ಟಮ್‌ನ ಸ್ಥಿತಿ ಉಳಿಸಿಡುವ ಟೈಮ್‌ಶಿಫ್ಟ್ ಜೊತೆಗೇ ಬರುತ್ತದೆ, ಅದನ್ನು ಮೊದಲೇ ಹೊಂದಿಸಿಟ್ಟಿದ್ದರೆ ಅಪ್‌ಡೇಟ್ ಕೈಕೊಟ್ಟಾಗ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಒಂದೇ ಕಿರಿಕಿರಿ: ಮಿಂಟ್ 22ರ ಅಡ್ಡಹೆಸರು ವಿಲ್ಮಾ, ಆದರೆ ಡಾಕರ್‌ನ (ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡಿಸುವ ಟೂಲ್) ರೆಪೊಸಿಟರಿಗೆ, ಅಂದರೆ ಅದು ಡೌನ್‌ಲೋಡ್ ಆಗುವ ಜಾಗಕ್ಕೆ, ಗೊತ್ತಿರುವುದು ಅದರ ತಳದಲ್ಲಿರುವ ಉಬುಂಟು 24.04ರ ಹೆಸರು, ನೋಬಲ್. ಆಜ್ಞೆಯಲ್ಲಿ ವಿಲ್ಮಾ ಅಂತ ಬಿದ್ದರೆ 404 ಎರರ್ ಬರುತ್ತದೆ. ಅಲ್ಲಿ ನೋಬಲ್ ಅಂತ ತಿದ್ದಿ, ಆಯ್ತು.

"ಆದರೆ ಡೆಬಿಯನ್‌ನಲ್ಲಿ ಪೈಥಾನ್ ಹಳೆಯದು ಅಲ್ವಾ?" ಹೌದು, ಇರಲಿ ಬಿಡಿ. ಸಿಸ್ಟಮ್ ಜೊತೆ ಬರುವ ಪೈಥಾನ್ ಸಿಸ್ಟಮ್‌ಗಾಗಿ ಇರುವುದು, ನಿಮ್ಮ ಪ್ರಾಜೆಕ್ಟಿಗಲ್ಲ. ನಾನು ಇದನ್ನು ಕೈಸುಟ್ಟುಕೊಂಡೇ ಕಲಿತಿದ್ದು. ಹೊಸ ಪೈಥಾನ್ ಹಾಕಿ, ಸುಮ್ನೆ ಇರಲಾರದೆ ಸಿಸ್ಟಮ್‌ನ ಪೈಥಾನ್3 ಲಿಂಕನ್ನೇ ಅದರ ಕಡೆಗೆ ತಿರುಗಿಸಿಬಿಟ್ಟೆ. ಮಾರನೆಯ ದಿನ ಟರ್ಮಿನಲ್ ಐಕಾನ್ ಒತ್ತಿದರೆ ಕರ್ಸರ್ ಒಂದಿಷ್ಟು ಹೊತ್ತು ಸುತ್ತಿ ಸುಮ್ಮನಾಗುತ್ತದೆ, ಟರ್ಮಿನಲ್ ಮಾತ್ರ ತೆರೆಯುವುದಿಲ್ಲ. ಟರ್ಮಿನಲ್ ತೆರೆಯುವ ಪುಟ್ಟ ಸ್ಕ್ರಿಪ್ಟೇ ಪೈಥಾನಿನದು, ಅದಕ್ಕೆ ಬೇಕಾದ ಮಾಡ್ಯೂಲ್ ಹಳೆಯ ಆವೃತ್ತಿಗೆ ಕಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ, ಲಿಂಕನ್ನು ಮೊದಲಿನ ಹಾಗೆ ಮಾಡಿದ ಮೇಲೆ ಜೀವ ಬಂತು. ಡೆಬಿಯನ್ 12ರಿಂದ ಈಚೆಗೆ ಸಿಸ್ಟಮ್ ಪೈಥಾನಿಗೆ ನೇರವಾಗಿ ಪಿಪ್ (ಪೈಥಾನ್ ಲೈಬ್ರರಿ ಹಾಕುವ ಟೂಲ್) ಇನ್‌ಸ್ಟಾಲ್ ಮಾಡಲು ಹೋದರೆ ಸಿಸ್ಟಮ್ ತಾನೇ ಎರರ್ ಕೊಟ್ಟು ತಡೆಯುತ್ತದೆ. ಆ ಎರರ್ ದಾಟುವ ಫ್ಲ್ಯಾಗ್ ಹುಡುಕಬೇಡಿ, ಪ್ರಾಜೆಕ್ಟಿಗೆ ಬೇರೆಯೇ ಪೈಥಾನ್ ಜಾಗ ಕೊಡುವ ವಿಎನ್ವ್ (venv) ಮಾಡಿಕೊಳ್ಳಿ. ನೋಡ್‌ಗೆ ಎನ್‌ವಿಎಮ್, ರಸ್ಟ್‌ಗೆ ರಸ್ಟ್‌ಅಪ್, ಡೇಟಾಬೇಸ್‌ಗೆ ಡಾಕರ್ ಅಥವಾ ಅದರಂಥದ್ದೇ ಪೋಡ್‌ಮ್ಯಾನ್ ಬಳಸಿ. ಹೀಗೆ ನಿಮ್ಮ ಟೂಲುಗಳು ಸಿಸ್ಟಮ್‌ನಿಂದ ಬೇರೆ ಇದ್ದರೆ ಕೆಳಗಿನ ಲಿನಕ್ಸ್ ಎಷ್ಟು ಹಳೆಯದಾದರೂ ತಲೆಬಿಸಿ ಕಡಿಮೆ.

ಹಳೆಯದು ತೊಂದರೆ ಕೊಡುವುದು ಹಾರ್ಡ್‌ವೇರ್ ಹೊಸದಾಗಿದ್ದಾಗ. ಹೊಸ ಲ್ಯಾಪ್‌ಟಾಪಿನ ವೈಫೈ ಚಿಪ್ಪು, ಗ್ರಾಫಿಕ್ಸ್ ಎಲ್ಲ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತಿರಬೇಕು. ಇತ್ತೀಚೆಗಷ್ಟೇ ಬಂದ ಮಾಡೆಲ್ ಆದರೆ ನನ್ನ ಮತ ಫೆಡೋರಾಗೆ, ಅದರಲ್ಲಿ ಕರ್ನಲ್ ಬೇಗ ಹೊಸದಾಗುತ್ತದೆ.

ಏನೇ ಆರಿಸಿದರೂ ಡಿಸ್ಕಿಗೆ ಹಾಕುವ ಮೊದಲು ಪೆನ್‌ಡ್ರೈವಿನಿಂದ ಓಡಿಸಿ ನೋಡಿ. ವೆಂಟಾಯ್ ಅನ್ನುವ ಟೂಲ್ ಹಾಕಿಕೊಂಡರೆ ಒಂದೇ ಪೆನ್‌ಡ್ರೈವಿನಲ್ಲಿ ಮೂರು ನಾಲ್ಕು ಐಎಸ್‌ಒ ಫೈಲ್ (ಡೌನ್‌ಲೋಡ್ ಮಾಡಿದ ಡಿಸ್ಟ್ರೋ) ಇಟ್ಟು ಒಂದೊಂದಾಗಿ ಬೂಟ್ ಮಾಡಬಹುದು. ಇನ್‌ಸ್ಟಾಲ್ ಬಟನ್ ಒತ್ತದೆ ಅರ್ಧ ಗಂಟೆ ಅಲ್ಲೇ ಇರಿ. ವೈಫೈ ಸಿಗುತ್ತಾ? ಮೈಕಿನಲ್ಲಿ ಮಾತಾಡಿದ್ದು ಕೇಳುತ್ತಾ? ಮುಖ್ಯವಾಗಿ, ಲ್ಯಾಪ್‌ಟಾಪ್ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಿರಿ. ಪರದೆ ಕಪ್ಪಾಗಿಯೇ ಉಳಿದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಆ ಡಿಸ್ಟ್ರೋವನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ನೋಡಿ. ಎನ್ವಿಡಿಯಾ ಕಾರ್ಡ್ ಇದ್ದರೆ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಓಡುವುದು ಓಪನ್ ಸೋರ್ಸ್ ಡ್ರೈವರ್. ಕಂಪನಿಯ ಡ್ರೈವರನ್ನು ಉಬುಂಟುವಿನಲ್ಲಿ ಒಂದೆರಡು ಕ್ಲಿಕ್‌ನಲ್ಲಿ ಹಾಕಬಹುದು, ಫೆಡೋರಾದಲ್ಲಿ ಆರ್‌ಪಿಎಮ್ ಫ್ಯೂಷನ್ ಅನ್ನುವ ಹೊರಗಿನ ರೆಪೊಸಿಟರಿ ಸೇರಿಸಿಕೊಳ್ಳಬೇಕು.

ರ‍್ಯಾಮ್ 4 ಜಿಬಿ ಇದ್ದು ಗ್ನೋಮ್‌ನಂಥ ಭಾರದ ಡೆಸ್ಕ್‌ಟಾಪ್ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ. ಆದರೂ ಜಾಸ್ತಿ ರ‍್ಯಾಮ್ ತಿನ್ನುವುದು ಬ್ರೌಸರ್ ಮತ್ತು ಎಡಿಟರ್, ಹಾಗಾಗಿ ಪವಾಡ ನಿರೀಕ್ಷಿಸಬೇಡಿ. ವಿಂಡೋಸ್ ಬಿಡಲು ಮನೆಯವರು ಒಪ್ಪದಿದ್ದರೆ ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಉಬುಂಟು ಹಾಕಿ ಶುರು ಮಾಡಿ, ಕಲಿಯುವುದಕ್ಕೆ ಅಷ್ಟು ಸಾಕು.

ಪಾರ್ಟಿಷನ್, ಅಂದರೆ ಡಿಸ್ಕನ್ನು ಭಾಗ ಮಾಡುವುದರ ಬಗ್ಗೆ ಒಂದು ಮಾತು. ಹೋಮ್ (ನಿಮ್ಮ ಫೈಲುಗಳ ಜಾಗ) ಬೇರೆ, ರೂಟ್ (ಸಿಸ್ಟಮ್‌ನ ಜಾಗ) ಬೇರೆ ಮಾಡಿ ಅಂತ ಹಳಬರು ಹೇಳುತ್ತಾರೆ. ಆದರೆ ಡಾಕರ್ ಇಮೇಜುಗಳೆಲ್ಲ ಸಾಮಾನ್ಯವಾಗಿ ರೂಟ್ ಕಡೆ ಹೋಗಿ ಕೂರುತ್ತವೆ. ರೂಟಿಗೆ 30 ಜಿಬಿ ಕೊಟ್ಟಿದ್ದರೆ ಕೆಲವೇ ವಾರದಲ್ಲಿ ತುಂಬಿ, ಹೋಮ್‌ನಲ್ಲಿ ನೂರಾರು ಜಿಬಿ ಖಾಲಿ ಬಿದ್ದಿರುತ್ತದೆ. ನಾನು ಎಲ್ಲವನ್ನೂ ಒಂದೇ ಪಾರ್ಟಿಷನ್ ಮಾಡುತ್ತೇನೆ. ಡಾಟ್ ಫೈಲುಗಳನ್ನು (ಸೆಟ್ಟಿಂಗ್‌ಗಳಿರುವ ಫೈಲುಗಳು), ಹಾಕಿಕೊಂಡ ಪ್ಯಾಕೇಜುಗಳ ಪಟ್ಟಿಯನ್ನು ಒಂದು ಗಿಟ್ ರೆಪೊದಲ್ಲಿ ಇಡುತ್ತೇನೆ. ಡಿಸ್ಟ್ರೋ ಬದಲಾಯಿಸಬೇಕು ಅನ್ನಿಸಿದ ದಿನ ಫೈಲುಗಳ ಬ್ಯಾಕಪ್ ತೆಗೆದು, ಹೊಸದು ಹಾಕಿ, ರೆಪೊ ಕ್ಲೋನ್ ಮಾಡಿದರೆ ಒಂದು ಸಂಜೆಯ ಕೆಲಸ.