ಅಲ್ಲಾಡದ ಸರಕೂ ಬಾಡಿಗೆ ತಿನ್ನುತ್ತದೆ: ಗಿಫ್ಟ್ ಮತ್ತು ಸ್ಟೇಷನರಿ ಅಂಗಡಿಯ ಲೆಕ್ಕ

ಪೇಟೆ ನಡುವೆ ಸಣ್ಣ ಮಳಿಗೆ ಎಂದರೆ ಒಂದೊಂದು ಅಡಿ ಜಾಗಕ್ಕೂ ಬಾಡಿಗೆ. ಆರು ತಿಂಗಳಿಂದ ಶೆಲ್ಫಿನಲ್ಲಿ ಅಲ್ಲಾಡದೆ ಕೂತ ಫೋಟೊ ಫ್ರೇಮೂ ಆ ಬಾಡಿಗೆ ತಿನ್ನುತ್ತಿರುತ್ತದೆ. ಹಾಗಾಗಿ ಮಾರುವುದಕ್ಕಿಂತ ತರುವಾಗಲೇ ನನಗೆ ಹೆಚ್ಚು ಎಚ್ಚರ.

ಪೆನ್ನು, ನೋಟ್‌ಬುಕ್ಕಿನಂಥ ದಿನಬಳಕೆಯ ಸರಕಿಗೆ ಲೆಕ್ಕ ಸುಲಭ. ನೀಲಿ ಜೆಲ್ ಪೆನ್ ದಿನಕ್ಕೆ 3 ಹೋಗುತ್ತದೆ, ಆರ್ಡರ್ ಕೊಟ್ಟ ಮೇಲೆ ಬರಲು 7 ದಿನ ಬೇಕು ಅಂದುಕೊಳ್ಳಿ. 21 ಆಯಿತು, ತಡವಾದರೆ ಇರಲಿ ಎಂದು 9 ಸೇರಿಸಿದರೆ 30. ಹತ್ತರ 3 ಡಬ್ಬಿಗಳನ್ನು ಒಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಹಿಂದೆ ಇಡುತ್ತೇನೆ. ಆ ಕಟ್ಟು ಬಿಚ್ಚಿದ ದಿನವೇ ಆರ್ಡರ್. ಕಂಪ್ಯೂಟರ್ ಇದ್ದರೂ ಈ ರಬ್ಬರ್ ಬ್ಯಾಂಡನ್ನೇ ನಾನು ಹೆಚ್ಚು ನಂಬುವುದು. ಗಿಫ್ಟ್ ಸಾಮಾನಿಗೆ ಈ ಲೆಕ್ಕ ನಡೆಯದು. ಒಂದು ಮಾದರಿಯಲ್ಲಿ ಮೂರೋ ನಾಲ್ಕೋ ತಂದು, ಖಾಲಿಯಾದರೆ ಬೇರೆ ಮಾದರಿ ತರುವುದೇ ವಾಸಿ. ಪದೇ ಪದೇ ಬರುವ ಗಿರಾಕಿಗೆ ಹೊಸದು ಕಾಣಬೇಕು.

ರಿಯಾಯಿತಿ ಬೋರ್ಡ್ ಹಾಕುವ ಮುಂಚೆ ಒಮ್ಮೆ ಕಾಗದದ ಮೇಲೆ ಕೂಡಿ ಕಳೆದು ನೋಡಿ. ಅಸಲು 100, ಮಾರುವ ಬೆಲೆ 150 ಇದ್ದರೆ ಉಳಿಯುವುದು 50. ಶೇ 20 ಬಿಟ್ಟರೆ ಬೆಲೆ 120, ಉಳಿಕೆ 20. ಮೊದಲಿನಷ್ಟೇ ದುಡ್ಡು ಕಾಣಲು ಎರಡೂವರೆ ಪಟ್ಟು ಮಾರಬೇಕು. ನಿಂತುಹೋದ ಸರಕಿಗೆ ಮಾತ್ರ ನಾನು ರಿಯಾಯಿತಿ ಕೊಡುವುದು. ತಾರೀಖು ಹೊತ್ತ ಡೈರಿ, ಕ್ಯಾಲೆಂಡರ್‌ಗಳಿಗೆ ಹೊಸ ವರ್ಷ ಹುಟ್ಟಿದ ವಾರದಲ್ಲೇ ಬೆಲೆ ಇಳಿಸುತ್ತೇನೆ. ಫೆಬ್ರವರಿಯಲ್ಲಿ ಅವು ರದ್ದಿ.

ಇಟ್ಟಲ್ಲೇ ಹಾಳಾಗುವುದು ಇನ್ನೊಂದು ತಲೆನೋವು. ಗಾಜಿನ ಪ್ರದರ್ಶನದಲ್ಲಿ ಬಿಸಿಲು ಬಿದ್ದರೆ ಕಾರ್ಡಿನ ಕೆಂಪು, ಹಳದಿ ಮೊದಲು ಮಾಸಿ, ನೀಲಿ ಛಾಯೆ ಉಳಿಯುತ್ತದೆ. ಎರಡು ವಾರಕ್ಕೊಮ್ಮೆ ಅಲ್ಲಿನ ಸರಕು ಬದಲಿಸಿ. ತೇವದ ಗಾಳಿಗೆ ಲಕೋಟೆಯ ಅಂಟು ತಾನಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೆ ಅವನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಜೆಲ್ ಪೆನ್ನಿನ ತುದಿ ಮೇಲೆ ಮಾಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಇಂಕು ಹಿಂದೆ ಸರಿದು ತುದಿಗೆ ಗಾಳಿ ಸೇರಬಹುದು. ಮಲಗಿಸಿ ಅಥವಾ ತುದಿ ಕೆಳಗೆ ಮಾಡಿ. ವೈಟ್‌ಬೋರ್ಡ್ ಮಾರ್ಕರ್ ಯಾವಾಗಲೂ ಅಡ್ಡಕ್ಕೆ. ಅಳಿಸುವ ರಬ್ಬರಿನ ಕಾಗದದ ಹೊದಿಕೆ ಚಂದಕ್ಕೆ ಮಾತ್ರ ಇದೆ ಅಂದುಕೊಂಡು ಕಿತ್ತಿಡಬೇಡಿ. ಪಿವಿಸಿ ರಬ್ಬರನ್ನು ಮೆದುವಾಗಿಸುವ ಎಣ್ಣೆಯಂಥ ಪದಾರ್ಥ ಪ್ಲಾಸ್ಟಿಕ್ ಸ್ಕೇಲು, ಕಂಪಾಸಿಗೆ ತಗುಲಿದರೆ ಅಲ್ಲೇ ಕರಗಿ ಅಂಟುತ್ತದೆ. ಎರಡೂ ಹಾಳು.

ಬೆಲೆಯ ಸ್ಟಿಕರ್ ಕಾರ್ಡಿನ ಮೇಲೆ ನೇರ ಅಂಟಿಸಿದರೆ ಕೀಳುವಾಗ ಕಾಗದದ ಪದರವೇ ಎದ್ದು ಬರುತ್ತದೆ. ಪ್ಲಾಸ್ಟಿಕ್ ಕವರಿನ ಮೇಲೆ ಅಂಟಿಸಿ, ಇಲ್ಲವೇ ಹಿಂಬದಿ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆಟ್ಟಿಗೆಗೆ ಅಂಟಿದ್ದು ಬಿಡದಿದ್ದರೆ ಹೇರ್ ಡ್ರೈಯರ್ ಬಿಸಿಗಾಳಿ ಕೆಲವು ಸೆಕೆಂಡು ಸಾಕು. ಕಾರ್ಡಿನ ಲಕೋಟೆ ಕಳೆದುಹೋಗುವುದು ಮಾಮೂಲು: ಎ6 ಕಾರ್ಡಿಗೆ (105×148 ಮಿ.ಮೀ.) ಹೊಂದುವ ಸಿ6 ಲಕೋಟೆ (114×162) ನೂರಕ್ಕೆ ಹತ್ತರಂತೆ ಹೆಚ್ಚಿಗೆ ಇರಲಿ. ಮೇಲೆ ಗುಂಡಿ, ರಿಬ್ಬನ್ ಅಂಟಿಸಿದ ದಪ್ಪ ಕಾರ್ಡಿಗೆ ಇದು ಬಿಗಿಯಾಗುತ್ತದೆ.

ಫೌಂಟನ್ ಪೆನ್ನಿನವರು ನೋಟ್‌ಬುಕ್ ಕೇಳಿದರೆ ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಒಂದನ್ನೇ ನೋಡಿ ಕೊಡಬೇಡಿ. ಇಂಕು ಹರಡದಂತೆ ತಡೆಯುವುದು ಕಾಗದಕ್ಕೆ ಕೊಟ್ಟ ಗಂಜಿಯಂಥ ಸೈಜಿಂಗ್. 100 ಜಿಎಸ್‌ಎಂ ಹಾಳೆಯಲ್ಲೂ ಇಂಕು ಹಿಂದಕ್ಕೆ ಇಳಿಯಬಹುದು. ಹೊಸ ಮಾದರಿ ಬಂದಾಗ ದಪ್ಪ ನಿಬ್ಬಿನಲ್ಲಿ ಎರಡು ಸಾಲು ಬರೆದು, ಹಾಳೆ ತಿರುಗಿಸಿ ನೋಡಿ, ಆ ಹಾಳೆಯನ್ನೇ ಗಿರಾಕಿಗೆ ತೋರಿಸುತ್ತೇನೆ.

ರ್‍ಯಾಪಿಂಗ್‌ನಲ್ಲಿ ಕಾಗದ ಪೋಲಾಗುವುದು ಕಣ್ಣಂದಾಜಿನಿಂದ. 20×15×6 ಸೆಂ.ಮೀ. ಪೆಟ್ಟಿಗೆ ಎದುರಿಗಿದೆ ಎನ್ನಿ. ಸುತ್ತಳತೆ 15+6ರ ಎರಡರಷ್ಟು, 42. ಒಂದರ ಮೇಲೊಂದು ಬರಲು 3 ಸೇರಿಸಿ 45. ಇನ್ನೊಂದು ಅಳತೆ 20ರ ಜತೆಗೆ ಎರಡೂ ತುದಿಗೆ ಎತ್ತರದ ಮುಕ್ಕಾಲು ಪಾಲು, ಅಂದರೆ 4.5ರಂತೆ 9, ಒಟ್ಟು 29. ತುದಿಗೆ ಇದಕ್ಕಿಂತ ಹೆಚ್ಚು ಬಿಟ್ಟರೆ ಮಡಿಕೆ ಉಬ್ಬುತ್ತದೆ, ಟೇಪು ನಿಲ್ಲುವುದಿಲ್ಲ. 70 ಸೆಂ.ಮೀ. ಅಗಲದ ರೋಲಿನಲ್ಲಿ 45 ಉದ್ದ ಕತ್ತರಿಸಿದರೆ ಇಂಥ ಎರಡು ತುಂಡು ಸಿಕ್ಕಿ, ಮಿಕ್ಕ 12 ಸೆಂ.ಮೀ. ಪಟ್ಟಿ ಹೆಸರಿನ ಚೀಟಿಗೆ ಆಗುತ್ತದೆ. ನಾಲ್ಕೂ ಕಡೆ ಕಟ್ಟುವ ರಿಬ್ಬನ್ನಿಗೆ ಉದ್ದ ಎರಡು, ಅಗಲ ಎರಡು, ಎತ್ತರ ನಾಲ್ಕು ಸಲ ಕೂಡಿದರೆ 94. ಬೋ ಕಟ್ಟಲು 56 ಸೇರಿಸಿ ಒಂದೂವರೆ ಮೀಟರ್ ಕತ್ತರಿಸುತ್ತೇನೆ. ಈ ಅಳತೆಗಳನ್ನು ರ್‍ಯಾಪಿಂಗ್ ಮೇಜಿನ ಅಂಚಿಗೆ ಬರೆದು ಅಂಟಿಸಿದ್ದೇನೆ. ಬೆಲೆಯ ಚೀಟಿ ಕಿತ್ತಿದ್ದೀರಾ ಎಂಬುದು ಅದರ ಮೊದಲ ಸಾಲು.