ಹಳೆಯ ಲಘು ವಿಮಾನದ ಕಂಟ್ರೋಲ್‌ಗಳು: ಬಿಡಿಭಾಗಕ್ಕೆ ಮುಂಚೆ ಅದರ ನಂಬರ್ ಹುಡುಕಿ

ಪೈಪರ್ ಜೆ-3 ಕಬ್ ತಯಾರಿಕೆ ನಿಂತದ್ದು 1947ರಲ್ಲಿ. ಅದರ ಓರಗೆಯ ಏರೋಂಕಾ ಚಾಂಪ್, ಸೆಸ್ನಾ 140ಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇಂಥ ವಿಮಾನದ ಸ್ಟಿಕ್ (ಪೈಲಟ್ ಹಿಡಿಯುವ ಕೋಲು), ರಡ್ಡರ್ ಪೆಡಲ್, ಕೇಬಲ್, ಎಳೆತದ ದಿಕ್ಕು ತಿರುಗಿಸುವ ಬೆಲ್‌ಕ್ರ್ಯಾಂಕ್‌ಗಳನ್ನು ಹೊಸದು ಮಾಡಲು ಕುಳಿತವರಿಗೆ ಎಲ್ಲವೂ ಅಪರೂಪದ ವಸ್ತುವಿನಂತೆ ಕಾಣುತ್ತದೆ. ವಾಸ್ತವ ಅಷ್ಟು ಕಠಿಣವಲ್ಲ. ಕೇಬಲ್, ಪುಲ್ಲಿ, ಟರ್ನ್‌ಬಕಲ್ (ಕೇಬಲ್ ಬಿಗಿ ಮಾಡುವ ತಿರುಪು), ಬೋಲ್ಟ್, ಕ್ಲೆವಿಸ್ ಪಿನ್ (ಕೀಲಿನ ಪಿನ್) ಹೆಚ್ಚಿನಂಶ ಸ್ಟ್ಯಾಂಡರ್ಡ್ ಸಾಮಾನು, ಇಂದಿಗೂ ತಯಾರಾಗುತ್ತಿವೆ. ಅದು ಗೊತ್ತಿಲ್ಲದೆ ಗುಜರಿ ವಿಮಾನಗಳ ಬೆನ್ನು ಹತ್ತುವುದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ಬಿಚ್ಚುವ ಮೊದಲು

ಒಂದು ನಟ್ಟನ್ನೂ ಸಡಿಲಿಸದೆ ಎಲ್ಲ ಕೀಲುಗಳ ಫೋಟೊ ತೆಗೆಯಿರಿ. ಬೋಲ್ಟಿನ ತಲೆ ಯಾವ ಕಡೆಗಿದೆ, ವಾಷರ್ ಎಷ್ಟಿವೆ, ಕೇಬಲ್ ಯಾವ ಪುಲ್ಲಿಯ ಮೇಲಿಂದ ಹೋಗಿ ಯಾವುದರ ಕೆಳಗೆ ಇಳಿಯುತ್ತದೆ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿರಲಿ. ರೆಕ್ಕೆಯ ಐಲೆರಾನ್, ಬಾಲದ ಎಲಿವೇಟರ್, ರಡ್ಡರ್ ಎರಡೂ ದಿಕ್ಕಿಗೆ ಎಷ್ಟು ಡಿಗ್ರಿ ತಿರುಗುತ್ತವೆ ಎಂದು ಕೋನಮಾಪಕ ಇಟ್ಟು ಅಳೆದು ಬರೆದಿಡಿ. ಆಮೇಲೆ ಪ್ರತಿ ಕೇಬಲ್‌ಗೂ ಎಡ-ಬಲ, ಮೇಲೆ-ಕೆಳಗೆ ಎಂದು ಚೀಟಿ ಕಟ್ಟಿ. ಹಳೆಯ ಕೇಬಲ್‌ಗಳನ್ನು ಕತ್ತರಿಸಿ ಹೊರಗೆಳೆಯಬೇಡಿ; ಹೊಸದಕ್ಕೆ ಅವೇ ಅಳತೆಗೋಲು. ವಿಮಾನ ಹಾರುವ ತನಕ ಯಾವುದನ್ನೂ ಎಸೆಯುವಂತಿಲ್ಲ, ತುಕ್ಕು ಹಿಡಿದ ವಾಷರನ್ನು ಕೂಡ.

ಕಾಗದಪತ್ರ

ಮೂರು ದಾಖಲೆ ಬೇಕು. ಒಂದು, ಆ ಮಾದರಿಯ ಪಾರ್ಟ್ಸ್ ಕೆಟಲಾಗ್. ಎರಡು, ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸಕ್ಕೆ ಸಿಕ್ಕ ಮಂಜೂರಾತಿ) ಡೇಟಾ ಶೀಟ್: ಜೆ-3ಸಿ-65ಕ್ಕೆ ಅದರ ಸಂಖ್ಯೆ ಎ-691, ಏರೋಂಕಾ 7ಎಸಿಗೆ ಎ-759. ಕಂಟ್ರೋಲ್‌ಗಳ ಚಲನೆಯ ಮಿತಿಯನ್ನು ಸಾಮಾನ್ಯವಾಗಿ ಇಂಥ ಶೀಟಿನಲ್ಲೇ ಕೊಟ್ಟಿರುತ್ತಾರೆ. ಮೂರನೆಯದು ಆ ಒಂದು ವಿಮಾನದ್ದೇ ಚರಿತ್ರೆ. ಅಮೆರಿಕದಲ್ಲಿ ನೋಂದಣಿಯಾಗಿದ್ದ ವಿಮಾನವಾದರೆ, ದೊಡ್ಡ ರಿಪೇರಿ ಮತ್ತು ಮಾರ್ಪಾಡುಗಳ ಫಾರ್ಮ್ 337 ಪ್ರತಿಗಳು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಒಕ್ಲಹೋಮ ಸಿಟಿ ದಾಖಲೆ ಕಚೇರಿಯಿಂದ ಸಿಗುತ್ತವೆ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ಪರದಾಡುತ್ತಾರೆ. ಏಳೆಂಟು ದಶಕಗಳಲ್ಲಿ ಯಾರೋ ಬೇರೆ ಮಾದರಿಯ ಬಾಲವನ್ನೋ ಪೆಡಲನ್ನೋ ಜೋಡಿಸಿರಬಹುದು. ಆಗ ಕೆಟಲಾಗ್ ನೋಡಿ ತರಿಸಿದ ಭಾಗ ಸರಿಯಾಗಿಯೇ ಇದ್ದರೂ ನಿಮ್ಮ ವಿಮಾನಕ್ಕೆ ಕೂರುವುದಿಲ್ಲ.

ಕಂಪನಿ ಮುಚ್ಚಿದ್ದರೂ ಟೈಪ್ ಸರ್ಟಿಫಿಕೇಟ್ ಸಾಮಾನ್ಯವಾಗಿ ಯಾರ ಕೈಯಲ್ಲಾದರೂ ಇರುತ್ತದೆ. ಎರ್‌ಕೂಪ್ ಮತ್ತು ಸ್ಟಿನ್ಸನ್ 108ರದ್ದು ಯೂನಿವೇರ್ ಬಳಿ, ಚಾಂಪ್‌ನದ್ದು ಅಮೆರಿಕನ್ ಚಾಂಪಿಯನ್ ಬಳಿ ಇದೆ. ಬ್ರಿಟನ್ನಿನ ಟೈಗರ್ ಮಾತ್‌ನ ವಿನ್ಯಾಸದ ಹೊಣೆ ಡಿ ಹ್ಯಾವಿಲ್ಯಾಂಡ್ ಸಪೋರ್ಟ್‌ನದ್ದು. ಮೊದಲ ಪತ್ರ ಇವರಿಗೇ ಹೋಗಲಿ. ಹಳೆಯ ವಿನ್ಯಾಸಗಳ ನಕ್ಷೆಗಳಿಗಾಗಿ ಸ್ಮಿತ್ಸೋನಿಯನ್‌ನ ವಾಯು-ಅಂತರಿಕ್ಷ ಸಂಗ್ರಹಾಲಯದ ದಾಖಲೆ ವಿಭಾಗವನ್ನೂ ಕೇಳಬಹುದು.

ಮೂರು ಗುಂಪು

ಈಗ ಪಟ್ಟಿ ಮಾಡಿ. ಎಎನ್, ಎಂಎಸ್ (ಅಮೆರಿಕದ ಸೇನಾ ಸ್ಟ್ಯಾಂಡರ್ಡ್‌ಗಳು) ಎಂದು ನಂಬರ್ ಆರಂಭವಾಗುವ ಎಲ್ಲವೂ ಮೊದಲ ಗುಂಪಿಗೆ. ಕಂಪನಿಯ ಸ್ವಂತ ನಂಬರ್ ಇದ್ದರೂ ಒಳಗೆ ಸ್ಟ್ಯಾಂಡರ್ಡ್ ಬೇರಿಂಗೋ ಕೇಬಲ್ಲೋ ಅಡಗಿರುವವು ಎರಡನೆಯದಕ್ಕೆ. ಟಾರ್ಕ್ ಟ್ಯೂಬ್ (ತಿರುಗಿ ಚಲನೆ ದಾಟಿಸುವ ಕೊಳವೆ), ಬೆಲ್‌ಕ್ರ್ಯಾಂಕ್, ಕಂಟ್ರೋಲ್ ಹಾರ್ನ್ (ಕೇಬಲ್ ಸಿಕ್ಕಿಸುವ ಕೊಂಬು), ಟ್ರಿಮ್ ಸ್ಕ್ರೂ, ಎರಕದ ಪೆಡಲ್ ಮೂರನೆಯದಕ್ಕೆ. ನಿಜವಾದ ಹುಡುಕಾಟ ಈ ಮೂರನೆಯ ಗುಂಪಿಗಷ್ಟೇ.

ನಟ್ಟು-ಬೋಲ್ಟು

ಎಎನ್3-5ಎ ಎಂದರೆ ವ್ಯಾಸ 3/16 ಇಂಚು, ಉದ್ದ ಸುಮಾರು 5/8 ಇಂಚು. ಕೊನೆಯ ‘ಎ’ ಇದ್ದರೆ ತುದಿಯಲ್ಲಿ ಸ್ಪ್ಲಿಟ್ ಪಿನ್ ತೂತಿಲ್ಲ. ಉದ್ದವನ್ನು 1/8 ಇಂಚಿನ ಲೆಕ್ಕದಲ್ಲಿ ಬರೆಯುತ್ತಾರೆ. 7 ಆದಮೇಲೆ 10 ಬರುತ್ತದೆ, ಅಂದರೆ ಒಂದು ಇಂಚು. 8, 9 ಎಂಬುದೇ ಇಲ್ಲ. ಕೀಲುಗಳಲ್ಲಿ ಬಳಸುವ ಕ್ಲೆವಿಸ್ ಬೋಲ್ಟ್‌ಗೆ (ಎಎನ್23 ಮುಂತಾದವು) ಮಾತ್ರ ಲೆಕ್ಕ 1/16 ಇಂಚಿನದ್ದು. ಇಲ್ಲಿ ಎಡವಿ ಬೇಕಾದ್ದಕ್ಕಿಂತ ಎಷ್ಟೋ ಗಿಡ್ಡ ಬೋಲ್ಟ್ ತರಿಸಿದವರು ಬಹಳ.

ಬೋಲ್ಟಿನ ನುಣುಪು ಭಾಗ, ಅಂದರೆ ಗ್ರಿಪ್, ಜೋಡಿಸುವ ತುಂಡುಗಳ ಒಟ್ಟು ದಪ್ಪಕ್ಕೆ ಹೊಂದಬೇಕು. ಥ್ರೆಡ್ ತೂತಿನೊಳಗೆ ಕುಳಿತರೆ ಅದು ಅರದಂತೆ ಕೆರೆದು ತೂತನ್ನು ಅಗಲ ಮಾಡುತ್ತದೆ. ತಿರುಗುವ ಕೀಲಿನಲ್ಲಿ ಸೆಲ್ಫ್-ಲಾಕಿಂಗ್ ನಟ್ ಹಾಕಬಾರದು. ಕ್ಯಾಸಲ್ ನಟ್ (ತಲೆಯಲ್ಲಿ ಸೀಳುಗಳಿರುವ ನಟ್), ಸ್ಪ್ಲಿಟ್ ಪಿನ್ ಇರಲೇಬೇಕು. ಕ್ಲೆವಿಸ್ ಬೋಲ್ಟ್‌ಗೆ ತೆಳುವಾದ ಎಎನ್320, ಎಳೆತ ಹೊರುವ ಬೋಲ್ಟ್‌ಗೆ ದಪ್ಪನೆಯ ಎಎನ್310.

ಬ್ರಿಟಿಷ್ ವಿಮಾನವಾದರೆ ಒಂದು ಬಲೆ ಇದೆ. ಹಳೆಯ ಬ್ರಿಟಿಷ್ ಅಳತೆಯ 2ಬಿಎ ಬೋಲ್ಟಿನ ವ್ಯಾಸ 4.7 ಮಿ.ಮೀ., ಪಿಚ್ (ಎರಡು ಥ್ರೆಡ್‌ಗಳ ನಡುವಿನ ಅಂತರ) 0.81. ಅಮೆರಿಕದ 10-32 ಬೋಲ್ಟ್ 4.83 ಮಿ.ಮೀ., ಪಿಚ್ 0.79. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಹತ್ತಿದಂತೆ ಅನಿಸುತ್ತದೆ, ಆದರೆ ಥ್ರೆಡ್ಡಿನ ಕೋನ ಒಂದರದ್ದು 47.5 ಡಿಗ್ರಿ, ಇನ್ನೊಂದರದ್ದು 60. ಬಲವಂತ ಮಾಡಿದರೆ ಎರಡೂ ಹಾಳು. ಥ್ರೆಡ್ ಗೇಜ್ ಇಲ್ಲದೆ ಇವನ್ನು ಗುರುತಿಸಲು ಹೋಗಬೇಡಿ.

ಕೇಬಲ್

ಹೆಚ್ಚು ತಾಳ್ಮೆ ಬೇಡುವ ಭಾಗ ಇದು. ಹಳೆಯ ಕೇಬಲ್ ಮೇಲೆ ಬಟ್ಟೆ ಹಿಡಿದು ಎಳೆಯಿರಿ. ಮುರಿದ ಎಳೆ ಇದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಬೆರಳು ಸೀಳುತ್ತದೆ. ಪುಲ್ಲಿಯ ಮೇಲೆ ಓಡುವ ಜಾಗವನ್ನು ಸಡಿಲ ಮಾಡಿ ಬಗ್ಗಿಸಿ ನೋಡಿ, ನೆಟ್ಟಗಿದ್ದಾಗ ಅಡಗಿದ್ದ ಮುರುಕು ಆಗ ಹೊರಗೆ ಬರುತ್ತದೆ. ಅಲ್ಲಿ ಒಂದೇ ಎಳೆ ಮುರಿದಿದ್ದರೂ ಕೇಬಲ್ ಬದಲಿಸಿ. ಒಳಗಿಂದ ಕಂದು ಪುಡಿ ಉದುರಿದರೂ ಅಷ್ಟೇ.

ಕೆಟಲಾಗಿನಲ್ಲಿ ಕೇಬಲ್‌ನ ಹಳೆಯ ಸೇನಾ ಮಾನದಂಡ ‘ಎಂಐಎಲ್-ಡಬ್ಲ್ಯೂ-1511’ ಎಂದು ಕಂಡು ಕಂಗಾಲಾಗಬೇಕಿಲ್ಲ. ಇಂದಿನ ಎಂಐಎಲ್-ಡಿಟಿಎಲ್-83420 ಅದರ ವಾರಸುದಾರ. ಪುಲ್ಲಿಗಳ ಮೇಲೆ ಸುತ್ತುವ ಕಂಟ್ರೋಲ್‌ಗೆ 7×19 ಕೇಬಲ್, ಅಂದರೆ 19 ತಂತಿಗಳ 7 ಹುರಿ. 1/8 ಇಂಚಿನ ಗ್ಯಾಲ್ವನೈಸ್ಡ್ ಕೇಬಲ್ ಮುರಿಯುವ ಬಲ 2,000 ಪೌಂಡ್, ಅದೇ ಗಾತ್ರದ ಸ್ಟೇನ್‌ಲೆಸ್‌ನದ್ದು 1,760. ‘ಸ್ಟೇನ್‌ಲೆಸ್ ಅಂದರೆ ಮೇಲು’ ಎಂಬ ಅಡುಗೆಮನೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನೀರಿನ ಮೇಲಿಳಿಯುವ ವಿಮಾನಕ್ಕೆ ಅದು ಸರಿ; ಉಳಿದವಕ್ಕೆ ಮೂಲದಲ್ಲಿ ಇದ್ದದ್ದೇ ಇರಲಿ.

ಉದ್ದಕ್ಕೆ ಹಳೆಯ ಕೇಬಲ್ಲನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು, ಎರಡೂ ತುದಿಯ ಕಣ್ಣುಗಳಲ್ಲಿ ಪ್ರತಿಯೊಂದರ ನಡುಮಧ್ಯಕ್ಕೂ ಒಂದೊಂದು ಮೊಳೆ ಹೊಡೆಯಿರಿ. ಹಳೆಯದು ಜಗ್ಗಿ ಉದ್ದವಾಗಿರುತ್ತದೆ, ಟರ್ನ್‌ಬಕಲ್ ಅದಕ್ಕೆ ತಕ್ಕಂತೆ ಒಳಕ್ಕೆ ತಿರುಗಿರುತ್ತದೆ. ಆದ್ದರಿಂದ ಟರ್ನ್‌ಬಕಲನ್ನು ಅರ್ಧ ದಾರಿಗೆ ತಂದು ಲೆಕ್ಕ ಹಾಕಿ. ಒಂದು ತುದಿ ಮೊದಲು ಮುಗಿಸಿ, ಇನ್ನೊಂದನ್ನು ವಿಮಾನದಲ್ಲೇ ಹಿಡಿದು ನೋಡಿ ಗುರುತು ಹಾಕಿ. ಪುಲ್ಲಿ ಅಥವಾ ಫೇರ್‌ಲೀಡ್‌ನ (ಕೇಬಲ್ಲಿಗೆ ದಾರಿ ತೋರುವ ತೂತಿನ ಪಟ್ಟಿ) ಕಿರಿದಾದ ತೂತಿನಲ್ಲಿ ಮುಗಿದ ತುದಿ ದಾಟುತ್ತದೆಯೇ ಎಂದು ಈ ಹಂತದಲ್ಲೇ ನೋಡದಿದ್ದರೆ ಕೇಬಲ್ ಮತ್ತೆ ಮಾಡಬೇಕಾದೀತು.

ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ ಕೇಬಲ್ ಕಟರ್ ಬಳಸಿ. ಗ್ಯಾಸ್ ಜ್ವಾಲೆ ತಂತಿಯ ಹದ ಕೆಡಿಸುತ್ತದೆ. 1/8 ಇಂಚಿಗೆ ಎಎನ್100-4 ಥಿಂಬಲ್ (ಕಣ್ಣಿನ ಒಳಗೆ ಕೂರುವ ಲೋಹದ ಕುಣಿಕೆ). ಕೇಬಲ್ ಮಡಿಕೆಯನ್ನು ಅಮುಕಿ ಹಿಡಿಯುವ ನಿಕೋಪ್ರೆಸ್ ತೋಳನ್ನು ಮೂರು ಸಲ ಒತ್ತಬೇಕು: ಮೊದಲು ನಡುವೆ, ಆಮೇಲೆ ಥಿಂಬಲ್ ಕಡೆ, ಕೊನೆಗೆ ಆಚೆ ತುದಿ. ಪ್ರತಿ ಒತ್ತಿನ ಮೇಲೂ ಗೇಜ್ ಸಲೀಸಾಗಿ ಕೂರಬೇಕು. ಕೂರದಿದ್ದರೆ ಇಕ್ಕಳದ ಬಿಗಿ ಸರಿಯಿಲ್ಲ ಎಂದರ್ಥ. ಸ್ಟೇನ್‌ಲೆಸ್ ಕೇಬಲ್‌ಗೆ ಬರಿ ತಾಮ್ರದ ತೋಳು ಬೇಡ, ಲೇಪನವಿರುವುದೇ ಬೇಕು. ಮೂಲದಲ್ಲಿ ಕೈಯಿಂದ ಹೆಣೆದ ಐದು ಸುತ್ತಿನ ತುದಿ ಇದ್ದಿರಬಹುದು. ಅದು ಕೇಬಲ್ ಬಲದ 75 ಶೇಕಡಾದಷ್ಟೇ ತಡೆಯುತ್ತಿತ್ತು.

ಸಿದ್ಧ ಕೇಬಲ್ಲನ್ನು ಮುರಿಯುವ ಬಲದ 60 ಶೇಕಡಾಕ್ಕೆ, ಅಂದರೆ ಗ್ಯಾಲ್ವನೈಸ್ಡ್ 1/8ಕ್ಕೆ 1,200 ಪೌಂಡ್‌ಗೆ, ನಿಧಾನವಾಗಿ ಎಳೆದು ಕೆಲವು ನಿಮಿಷ ಹಿಡಿಯಿರಿ. ತೋಳಿನ ಅಂಚಿನಲ್ಲಿ ಕೇಬಲ್ ಮೇಲೆ ಮೊದಲೇ ಬಣ್ಣದ ಗೆರೆ ಎಳೆದಿದ್ದರೆ ಜಾರಿದ್ದು ತಕ್ಷಣ ಕಾಣುತ್ತದೆ. ಎದುರು ಯಾರೂ ನಿಲ್ಲಬಾರದು.

ಪುಲ್ಲಿ, ಬೇರಿಂಗ್

ಪುಲ್ಲಿಯ ಅಂಚಿನ ತೋಡಿನಲ್ಲಿ ಕೇಬಲ್ಲಿನ ಹುರಿಯ ಅಚ್ಚು ಮೂಡಿದ್ದರೆ ಪುಲ್ಲಿ ತಿರುಗದೆ ನಿಂತಿತ್ತು, ಕೇಬಲ್ ಉಜ್ಜುತ್ತಿತ್ತು ಎಂದರ್ಥ, ಎರಡನ್ನೂ ಬದಲಿಸಿ. ಹಳೆಯ ಎಎನ್220ಕ್ಕೆ ಇಂದಿನದು ಎಂಎಸ್20220. ಪೆಟ್ಟಿಗೆಯಲ್ಲೇ ಉಳಿದ ‘ಹೊಸ’ ಹಳೆಯ ಪುಲ್ಲಿಯ ಬೇರಿಂಗಿನಲ್ಲಿ ಗ್ರೀಸ್ ಗಟ್ಟಿಯಾಗಿರುತ್ತದೆ, ಬೆರಳಲ್ಲಿ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಫೇರ್‌ಲೀಡ್ ಕೇಬಲ್ಲಿನ ದಿಕ್ಕನ್ನು 3 ಡಿಗ್ರಿಗಿಂತ ಹೆಚ್ಚು ತಿರುಗಿಸಬಾರದು.

ನಿಜಕ್ಕೂ ಸಿಗದವು

ಬಳಸಿದ ಬೆಲ್‌ಕ್ರ್ಯಾಂಕ್ ಅಥವಾ ಟ್ಯೂಬ್ ಕೊಳ್ಳುವಾಗ ಅದು ಬಂದ ವಿಮಾನದ ಸೀರಿಯಲ್ ನಂಬರ್ ಕೇಳಿ, ಅಪಘಾತಕ್ಕೀಡಾದದ್ದೇ ಎಂದು ತಿಳಿದುಕೊಳ್ಳಿ. ಬಣ್ಣ ಕಿತ್ತು, ಉಕ್ಕಿಗೆ ಮ್ಯಾಗ್ನೆಟಿಕ್ ಪರೀಕ್ಷೆ, ಅಲ್ಯೂಮಿನಿಯಂಗೆ ಡೈ ಪೆನೆಟ್ರೆಂಟ್ (ಬಿರುಕಿಗೆ ಬಣ್ಣ ಇಳಿಸಿ ನೋಡುವ) ಪರೀಕ್ಷೆ ಮಾಡಿಸಿ. ಬಿರುಕು ಬೆಸುಗೆಯ ಅಂಚಿನಲ್ಲೇ ಶುರುವಾಗುವುದು ಹೆಚ್ಚು. ಟ್ಯೂಬಿನ ಒಳಗಿನ ತುಕ್ಕು ಹೊರಗಿನಿಂದ ಕಾಣದು.

ಅದೂ ಸಿಗದಿದ್ದರೆ ಮಾಡಿಸುವುದೇ ದಾರಿ. ಅಮೆರಿಕದ ನಿಯಮ 21.9ರ ಪ್ರಕಾರ ಮಾಲೀಕ ತನ್ನದೇ ವಿಮಾನದ ನಿರ್ವಹಣೆಗೆ ಭಾಗ ತಯಾರಿಸಬಹುದು, ಆದರೆ ನಕ್ಷೆ, ವಸ್ತು, ಗುಣಮಟ್ಟದ ತೀರ್ಮಾನದಲ್ಲಿ ಅವನ ಪಾಲು ಇರಬೇಕು. ಹಣ ಕೊಟ್ಟು ಕೈಕಟ್ಟಿ ಕೂತರೆ ಸಾಲದು. ಹಳೆಯ ಸಣ್ಣ ವಿಮಾನಗಳಲ್ಲಿ ವಸ್ತು ಬದಲಿಸುವ ಬಗ್ಗೆ ಎಫ್‌ಎಎಯ ಸಲಹಾ ಸುತ್ತೋಲೆ 23-27 ಓದಿ. ಬೇರೆ ದೇಶದಲ್ಲಿ ನೋಂದಣಿ ಇದ್ದರೆ ಅಲ್ಲಿನ ಇನ್‌ಸ್ಪೆಕ್ಟರನ್ನು ಕೆಲಸ ಶುರು ಮಾಡುವ ಮುಂಚೆಯೇ ಕೇಳಿ. ಸವೆದ ಭಾಗವನ್ನು ನೋಡಿ ಅಳತೆ ತೆಗೆದರೆ ಸವೆತವೂ ನಕಲಾಗುತ್ತದೆ: ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದರ ಮಧ್ಯಬಿಂದುವೂ ಸರಿದಿರುತ್ತದೆ. ಎಡದ ಭಾಗ ಕೆಟ್ಟಿದ್ದರೆ ಬಲದ್ದನ್ನು ಅಳೆದು ಕನ್ನಡಿಯಂತೆ ತಿರುಗಿಸಿ ಬರೆಯುವುದು ವಾಸಿ.

ಜೋಡಿಸಿದ ಮೇಲೆ

ಟರ್ನ್‌ಬಕಲ್‌ನ ಎರಡೂ ಬದಿಯಲ್ಲಿ ಮೂರಕ್ಕಿಂತ ಹೆಚ್ಚು ಥ್ರೆಡ್ ಹೊರಗೆ ಕಾಣಬಾರದು. ಪುಶ್-ಪುಲ್ ರಾಡಿನ ತುದಿ ತಪಾಸಣೆ ತೂತನ್ನು ದಾಟಿ ಒಳಗಿರಬೇಕು. ಆ ತೂತಿನಲ್ಲಿ ಸೇಫ್ಟಿ ವೈರ್ ತೂರಿ ನೋಡಿ, ಅದು ದಾಟದಿದ್ದರೆ ಅದೇ ಸಾಕ್ಷಿ. ಕೇಬಲ್ ಬಿಗಿಯನ್ನು ಟೆನ್ಷನ್ ಮೀಟರಿನಲ್ಲಿ ಅಳೆಯಿರಿ, ಬೆರಳಲ್ಲಿ ಮೀಟಿ ಅಲ್ಲ. ಮೊದಲು ಬರೆದಿಟ್ಟ ಡಿಗ್ರಿಗಳನ್ನು ಡೇಟಾ ಶೀಟಿನೊಂದಿಗೆ ಹೋಲಿಸಿ. ಕೊನೆಗೆ ಸ್ಟಿಕ್ಕನ್ನು ಹೆಬ್ಬೆರಳು ಮೇಲಾಗಿ ಹಿಡಿದು ಪಕ್ಕಕ್ಕೆ ಒರಗಿಸಿ: ಹೆಬ್ಬೆರಳು ತೋರುವ ಕಡೆಯ ಐಲೆರಾನ್ ಮೇಲೇಳಬೇಕು. ಎರಡು ಕೇಬಲ್ ಅದಲುಬದಲಾದರೆ ಎಲ್ಲವೂ ನಯವಾಗಿಯೇ ಚಲಿಸುತ್ತದೆ, ಉಲ್ಟಾ ಅಷ್ಟೇ. ಈ ಪರೀಕ್ಷೆಯನ್ನು ಕೆಲಸ ಮಾಡಿದವರಲ್ಲದೆ ಇನ್ನೊಬ್ಬರು ಬಂದು ಮತ್ತೊಮ್ಮೆ ಮಾಡಿ ಸಹಿ ಹಾಕಲಿ.